ತೋಟೆಗಳ ಅಭಾವಕಾಲದಲ್ಲಿ ಬೆಳೆಯ ಕಾವಲು

ಪೀಠಿಕೆ

ಮಲೆನಾಡಿನಲ್ಲಿಯೂ, ಕಾಡಿನ ಅಂಚಿಗೆ ಹತ್ತಿದ ಬಯಲುಸೀಮೆಯ ಗ್ರಾಮಗಳಲ್ಲಿಯೂ, ಬೆಳೆಗೆ ಒದಗುವ ಕೇಡುಗಳಲ್ಲಿ ಕಾಡುಹಂದಿಯ ಹಾವಳಿಯು ಮುಖ್ಯವಾದುದು. ನಾಲ್ಕು ತಿಂಗಳು ದುಡಿದು ಬೆಳೆದ ಬತ್ತ, ರಾಗಿ, ಜೋಳ, ಗೆಣಸು, ಕಡಲೆಕಾಯಿಗಳನ್ನು ಒಂದು ಹಿಂಡು ಒಂದೇ ರಾತ್ರಿಯಲ್ಲಿ ಉತ್ತುಹಾಕಿ ಹೋಗುವುದುಂಟು. ಈ ಕಾರಣದಿಂದಲೇ ಬೆಳೆಯ ರಕ್ಷಣೆಗೆಂದು ಅನೇಕ ಹಿಡುವಳಿದಾರರು ಪರವಾನಗಿ ಪಡೆದು ಕೋವಿಗಳನ್ನು ಇಟ್ಟುಕೊಂಡಿರುತ್ತಾರೆ. ಆದರೆ ಕೋವಿಯು ಮನೆಯಲ್ಲಿದ್ದ ಮಾತ್ರಕ್ಕೆ ಕಾವಲು ಆಗಲಿಲ್ಲ. ತೋಟೆಯಿಲ್ಲದ ಕೋವಿಯು ಒನಕೆಗಿಂತ ಹೆಚ್ಚಿನದಲ್ಲ. ತೋಟೆಗಳು ಸಿಕ್ಕದ ಕಾಲದಲ್ಲಿ ರೈತನು ಏನು ಮಾಡತಕ್ಕದ್ದು, ಮುಖ್ಯವಾಗಿ ಏನನ್ನು ಮಾಡಕೂಡದು ಎಂಬುದನ್ನು ತಿಳಿಯಪಡಿಸುವುದೇ ಈ ಪತ್ರಿಕೆಯ ಉದ್ದೇಶ.

ಅಭಾವವು ಹೇಗೆ ಉಂಟಾಗುತ್ತದೆ

ತೋಟೆಯು ಕಾರ್ಖಾನೆಯ ಸರಕು. ಹಳ್ಳಿಯ ಕಮ್ಮಾರನು ಮಾಡಿಕೊಡುವ ಕುಡುಗೋಲಿನಂತಹುದಲ್ಲ. ಹಿತ್ತಾಳೆಯ ಬುಡ, ಕೇಪು, ಮದ್ದು, ಒತ್ತುಬಿಲ್ಲೆ, ಚರೆ ಇವೆಲ್ಲವೂ ಅಳತೆ ತಪ್ಪದೆ ಕೂಡಿದಾಗ ಮಾತ್ರವೇ ಅದು ನಂಬತಕ್ಕದ್ದಾಗುವುದು. ಆದಕಾರಣ ಕಾರ್ಖಾನೆಗಳಿಗೆ ಬೇರೆ ಕೆಲಸ ಬಿದ್ದರೆ ರೈತನ ಪಾಲಿಗೆ ಕೊರತೆಯಾಗುವುದು ಸಹಜ. 1939ರಿಂದ 1945ರವರೆಗೆ ನಡೆದ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳು ಸೈನ್ಯದ ಕೆಲಸಕ್ಕೆ ತಿರುಗಿದವು.

ಎರಡನೆಯ ಕಾರಣ, ಜನರ ಗಾಬರಿ. ಅಮೆರಿಕ ದೇಶದಲ್ಲಿ 2013ರಲ್ಲಿಯೂ, ಪುನಃ 2020ರಲ್ಲಿ ಸಾಂಕ್ರಾಮಿಕ ರೋಗವು ಹರಡಿದಾಗಲೂ, ಪಿಸ್ತೂಲಿನ ಗುಂಡುಗಳು ಅಂಗಡಿಗಳಲ್ಲಿ ದೊರೆಯದೆ ಹೋದವು. ಅಲ್ಲಿ ಕಾರ್ಖಾನೆಗಳು ನಿಂತಿರಲಿಲ್ಲ. ನಾಳೆ ಸಿಕ್ಕಲಾರದೆಂಬ ಭಯದಿಂದ ಎಲ್ಲರೂ ಇಂದೇ ಕೊಂಡುದರಿಂದ, ಕೊರತೆಯಿಂದ ಭಯವೂ ಭಯದಿಂದ ಕೊರತೆಯೂ ಬೆಳೆದವು. ಬರಗಾಲದಲ್ಲಿ ಕಣಜವನ್ನು ಮುಚ್ಚಿಟ್ಟುಕೊಂಡವರಿಂದಲೇ ಸಂತೆಯ ಬೆಲೆ ಏರುವಂತೆ ಇದು ನಡೆಯಿತು.

ಮೂರನೆಯ ಕಾರಣವು ನಮ್ಮ ಸೀಮೆಗೆ ಸಂಬಂಧಪಟ್ಟುದು. ಚುನಾವಣೆಯ ಕಾಲದಲ್ಲಿ ಜಿಲ್ಲೆಯ ಅಧಿಕಾರಿಗಳ ಆಜ್ಞೆಯಂತೆ ಕೋವಿಗಳನ್ನು ಪೊಲೀಸ್ ಠಾಣೆಯಲ್ಲಿ ಒಪ್ಪಿಸಬೇಕಾಗಿ ಬರುತ್ತದೆ. ಆ ಕಾಲವು ಬೆಳೆಯ ಕಾಲದೊಡನೆ ಕೂಡಿಬಂದರೆ, ತೋಟೆಯಿದ್ದರೂ ಕೋವಿಯಿಲ್ಲದೆ ಫಲ ಒಂದೇ ಆಗುವುದು. ಅದುಕಾರಣ ಈ ಪತ್ರಿಕೆಯಲ್ಲಿ ಹೇಳಿರುವ ಕ್ರಮಗಳನ್ನು ಕೊರತೆ ಬಂದಾಗ ಮಾತ್ರವಲ್ಲದೆ ಪ್ರತಿವರ್ಷವೂ ನಡೆಸುವುದು ಯುಕ್ತ.

ಮೊದಲು ಲೆಕ್ಕ

ಕೊರತೆಯ ಕಾಲದಲ್ಲಿ ಮೊದಲು ಮಾಡತಕ್ಕದ್ದು ಇದ್ದುದರ ಎಣಿಕೆ. ಉದಾಹರಣೆಗೆ, ಒಂದು ಗ್ರಾಮದಲ್ಲಿ 6 ಕೋವಿಗಳೂ, ಕೋವಿಗೆ 8ರಂತೆ 48 ತೋಟೆಗಳೂ ಇರುವುವೆಂದು ಇಟ್ಟುಕೊಳ್ಳೋಣ. ಬತ್ತವು ತೆನೆ ಹೊರಟಂದಿನಿಂದ ಕೊಯ್ಲಿನವರೆಗೆ ಸುಮಾರು 35 ರಾತ್ರಿಗಳ ಕಾವಲು ಬೇಕು. ಹಂದಿಯನ್ನು ಬೆದರಿಸಲೆಂದು ಪ್ರತಿಯೊಬ್ಬನೂ ರಾತ್ರಿಗೆ ಒಂದೊಂದು ಈಡು ಹಾರಿಸಿದರೆ, 48 ತೋಟೆಗಳೂ 8 ರಾತ್ರಿಗಳಲ್ಲಿ ಮುಗಿದುಹೋಗುತ್ತವೆ. ಉಳಿದ 27 ರಾತ್ರಿಗಳಲ್ಲಿ, ಅಂದರೆ ಕಾಳು ಗಟ್ಟಿಯಾಗುವ ಸಮಯದಲ್ಲಿಯೇ, ಗದ್ದೆಯು ದಿಕ್ಕಿಲ್ಲದೆ ನಿಲ್ಲುವುದು. ಸದ್ದಿಗಾಗಿ ತೋಟೆಯನ್ನು ಖರ್ಚುಮಾಡುವುದು ಎಂತಹ ನಷ್ಟವೆಂಬುದು ಇದರಿಂದ ಗೊತ್ತಾಗುವುದು. ಸದ್ದು ಮಾಡುವುದಕ್ಕೆ ತಮಟೆ ಸಾಕು.

ಕೊಳ್ಳುವುದಾದರೆ ಪರವಾನಗಿಯಲ್ಲಿ ಬರೆದಿರುವ ಮಿತಿಯೊಳಗೆ, ಬೆಳೆಯ ಕಾಲಕ್ಕೆ ಎರಡು ತಿಂಗಳು ಮುಂಚಿತವಾಗಿ ಕೊಂಡು, ಪೆಟ್ಟಿಗೆಯ ಮೇಲೆ ಕೊಂಡ ತಿಂಗಳನ್ನೂ ಇಸವಿಯನ್ನೂ ಬರೆದಿಡತಕ್ಕದ್ದು. ಹಳೆಯದು ಮೊದಲು, ಹೊಸದು ಆಮೇಲೆ ಎಂಬುದು ಬಿತ್ತನೆಯ ಬೀಜಕ್ಕೆ ವಿರುದ್ಧವಾದ ನಿಯಮವಾದರೂ ತೋಟೆಗೆ ಅದೇ ಸರಿ.

ತೋಟೆಗಳನ್ನು ಕೆಡದಂತೆ ಇಡುವ ಕ್ರಮ

ತೋಟೆಗೆ ಶತ್ರುಗಳು ಮೂರು: ತೇವ, ಬಿಸಿ, ಎಣ್ಣೆ.

ತೇವದಿಂದ ಕಾಗದದ ಕೊಳವೆಯುಳ್ಳ ಹಳೆಯ ತೋಟೆಗಳು ಉಬ್ಬುತ್ತವೆ. ಉಬ್ಬಿದ ತೋಟೆಯು ನಳಿಗೆಯೊಳಕ್ಕೆ ಸರಾಗವಾಗಿ ಇಳಿಯುವುದಿಲ್ಲ. ಅದನ್ನು ಬಲವಂತದಿಂದ ತುರುಕಕೂಡದು. ಈಚಿನ ಪ್ಲಾಸ್ಟಿಕ್ ಕೊಳವೆಯು ಉಬ್ಬದಿದ್ದರೂ ಹಿತ್ತಾಳೆಯ ಬುಡಕ್ಕೆ ಕಿಲುಬು ಹತ್ತುವುದು ತಪ್ಪುವುದಿಲ್ಲ. ಚರ್ಮದ ಪಟ್ಟಿಯಲ್ಲಿ ತೋಟೆಗಳನ್ನು ಸಿಕ್ಕಿಸಿ ಗೋಡೆಗೆ ತೂಗುಹಾಕುವ ರೂಢಿಯು ಬಹಳ ಮನೆಗಳಲ್ಲಿದೆ. ಹದಮಾಡಿದ ಚರ್ಮವು ಮಳೆಗಾಲದಲ್ಲಿ ತೇವವನ್ನು ಹೀರಿ ಹಿತ್ತಾಳೆಗೆ ಕಿಲುಬು ತರುವುದರಿಂದ, ಪಟ್ಟಿಯು ಕಾವಲಿಗೆ ಹೋಗುವ ರಾತ್ರಿಗೆ ಮಾತ್ರ ಇರಲಿ. ಉಳಿದ ಕಾಲದಲ್ಲಿ ಬಿಗಿಯಾದ ಮುಚ್ಚಳವುಳ್ಳ ತಗಡಿನ ಡಬ್ಬಿಯಲ್ಲಿ, ಬಟ್ಟೆಯಲ್ಲಿ ಕಟ್ಟಿದ ಹುರಿದ ಅಕ್ಕಿಯ ಒಂದು ಸಣ್ಣ ಗಂಟಿನೊಡನೆ ಇಟ್ಟು, ತಿಂಗಳಿಗೊಮ್ಮೆ ಅಕ್ಕಿಯನ್ನು ಬದಲಾಯಿಸುವುದು ಒಳ್ಳೆಯದು.

ಬೆಚ್ಚಗಿರಲೆಂದು ಒಲೆಯ ಮೇಲಣ ಅಟ್ಟದಲ್ಲಿ ತೋಟೆಗಳನ್ನು ಇಡುವುದು ಬಹು ಅಪಾಯಕರ. ಅಡಕೆಗೆ ಒಳ್ಳೆಯದಾದ ಸ್ಥಳವು ಮದ್ದಿಗೆ ಒಳ್ಳೆಯದಲ್ಲ. ಬಿಸಿಯಿಂದ ಮದ್ದಿನ ಗುಣ ಕೆಡುವುದಲ್ಲದೆ, ಬೆಂಕಿ ಬಿದ್ದರೆ ಮನೆಯೇ ಹೋಗುವುದು. ನೆನೆದ ತೋಟೆಗಳನ್ನು ಬಿಸಿಲಿಗೆ ಹರಡುವುದಾಗಲಿ, ಕೆಂಡದ ಬಳಿ ಒಣಗಿಸುವುದಾಗಲಿ ಕೂಡದು.

ಎಣ್ಣೆಯು ಕೋವಿಗೆ ಹಿತ, ತೋಟೆಗೆ ಅಹಿತ. ಎಣ್ಣೆಗೈಯಿಂದ ತೋಟೆಗಳನ್ನು ಒರೆಸಿದರೆ ಅದು ಕ್ರಮೇಣ ಕೇಪಿನ ಸಂದಿಯೊಳಗೆ ಇಳಿದು ಕಿಡಿ ಹಾರದಂತೆ ಮಾಡುವುದು. ಒಣಬಟ್ಟೆಯಿಂದ ಒರೆಸುವುದಷ್ಟೇ ಸಾಕು.

ಕೊರತೆಯಲ್ಲಿ ಜೀವಕ್ಕೆ ಮುಳುವಾಗುವ ತಪ್ಪುಗಳು

ತೋಟೆ ಧಾರಾಳವಾಗಿದ್ದಾಗ ಮಾಡದ ಸಾಹಸಗಳನ್ನು ಜನರು ತೋಟೆ ಇಲ್ಲದಾಗ ಮಾಡುತ್ತಾರೆ. ಒಂದು ಹಂಗಾಮಿನ ಬೆಳೆ ಹೋದರೆ ಮುಂದಿನ ಹಂಗಾಮು ಬರುವುದು. ಹೋದ ಕೈಬೆರಳು, ಹೋದ ಕಣ್ಣು ಪುನಃ ಬರುವುದಿಲ್ಲ. ಆದಕಾರಣ ಈ ಭಾಗವನ್ನು ಕೋವಿಯುಳ್ಳ ಪ್ರತಿಯೊಬ್ಬನೂ ಗಮನವಿಟ್ಟು ಓದತಕ್ಕದ್ದು; ಓದುಬಾರದವರಿಗೆ ಊರಿನ ಯಜಮಾನರು ಓದಿ ಹೇಳತಕ್ಕದ್ದು.

ಒಂದನೆಯದು, ಬೇರೆ ಅಳತೆಯ ತೋಟೆ. ಕೋವಿಯ ನಂಬರು ಎಂದರೇನೆಂಬುದು ಹಲವರಿಗೆ ತಿಳಿಯದು. ಒಂದು ಪೌಂಡ್ ಸೀಸವನ್ನು ಸಮನಾದ 12 ಗುಂಡುಗಳಾಗಿ ಮಾಡಿದರೆ ಒಂದು ಗುಂಡಿನ ಅಡ್ಡಗಲವೆಷ್ಟೋ ಅಷ್ಟೇ 12ನೆಯ ನಂಬರು ನಳಿಗೆಯ ಬಾಯಿ. 20 ಗುಂಡುಗಳಾಗಿ ಮಾಡಿದರೆ ಗುಂಡು ಚಿಕ್ಕದಾಗುವುದು. ಆದಕಾರಣ ನಂಬರು ಹೆಚ್ಚಿದಷ್ಟೂ ನಳಿಗೆಯು ಸಣ್ಣದು. 20ನೆಯ ನಂಬರಿನ ತೋಟೆಯನ್ನು 12ನೆಯ ನಂಬರಿನ ಕೋವಿಗೆ ಹಾಕಿದರೆ ಅದು ಒಳಕ್ಕೆ ಜಾರಿ ನಳಿಗೆಯ ನಡುವೆ ಸಿಕ್ಕಿಕೊಳ್ಳುವುದು. ಹಾಕಿದವನು ಕೋವಿ ಬರಿದಾಗಿದೆಯೆಂದು ಭಾವಿಸಿ ಹಿಂದೆಯೇ ಸರಿಯಾದ ತೋಟೆಯನ್ನು ತುಂಬಿ ಹಾರಿಸಿದರೆ ನಳಿಗೆಯು ಅವನ ಎಡಗೈಯ ಹತ್ತಿರವೇ ಸಿಡಿಯುವುದು. ನೆರೆಯವನಿಂದ ಕೈಬದಲು ತಂದ ತೋಟೆಗಳಲ್ಲಿ ಈ ಅಪಾಯವು ವಿಶೇಷ. ಹಾಗೆ ಪರವಾನಗಿಯ ಲೆಕ್ಕಕ್ಕೆ ಹೊರತಾಗಿ ತೋಟೆಗಳನ್ನು ಕೊಡುವುದೂ ಕೊಳ್ಳುವುದೂ ಕಾನೂನಿಗೆ ವಿರುದ್ಧ.

ಎರಡನೆಯದು, ಉದ್ದದ ವ್ಯತ್ಯಾಸ. ಹಳೆಯ ಜೋಡಿ ನಳಿಗೆಯ ಕೋವಿಗಳಲ್ಲಿ ಕೆಲವು 65 ಮಿಲಿಮೀಟರ್ ತೋಟೆಗೆಂದು ಮಾಡಿದವು. ಈಗ ಬರುವ ತೋಟೆಗಳಲ್ಲಿ 70 ಮಿಲಿಮೀಟರಿನವು ಹೆಚ್ಚು. ಉದ್ದವಾದ ತೋಟೆಯು ಹಳೆಯ ಕೋವಿಯೊಳಗೆ ಇಳಿದರೂ ಅದರ ಬಾಯಿ ಬಿಚ್ಚಿಕೊಳ್ಳಲು ಸ್ಥಳವಿಲ್ಲದೆ ಒತ್ತಡವು ಮಿತಿಮೀರುವುದು. ನಳಿಗೆಯ ಕೆಳಗಿನ ಗುರುತನ್ನು ತಿಳಿದವರಿಂದ ಓದಿಸಿಕೊಂಡು ಅದಕ್ಕೆ ತಕ್ಕ ತೋಟೆಯನ್ನೇ ಕೊಳ್ಳತಕ್ಕದ್ದು.

ಮೂರನೆಯದು, ಮನೆಯಲ್ಲಿ ಮಾಡಿದ ಮದ್ದು. ಕೇಪಿನ ಕೋವಿಗೆ ಪಟಾಕಿಯ ಮದ್ದನ್ನಾಗಲಿ, ಬೆಂಕಿಕಡ್ಡಿಯ ತಲೆಯನ್ನಾಗಲಿ ತುಂಬುವುದು ಆತ್ಮಹತ್ಯೆಗೆ ಸಮಾನ. ಕೋವಿಯ ಮದ್ದು ಗುಂಡನ್ನು ತಳ್ಳುವುದಕ್ಕೆ ಮಾಡಿದುದು. ಪಟಾಕಿಯದು ಸಿಡಿಯುವುದಕ್ಕೆ ಮಾಡಿದುದು. ತೋಟೆಯನ್ನು ಕೊಯ್ದು ಚರೆಯನ್ನು ತೆಗೆದು ಗುಂಡನ್ನು ಸೇರಿಸುವುದೂ ಅಂತಹ ತಪ್ಪೇ.

ನಾಲ್ಕನೆಯದು, ಹಾರದ ತೋಟೆ. ಕುದುರೆ ಬಿದ್ದರೂ ಸದ್ದಾಗದಿದ್ದರೆ ಕೋವಿಯನ್ನು ಕೂಡಲೇ ಬಿಚ್ಚಕೂಡದು. ನಳಿಗೆಯ ಬಾಯನ್ನು ಜನವಿಲ್ಲದ ಕಡೆಗೆ ನೆಲದತ್ತ ಹಿಡಿದು ಒಂದು ನಿಮಿಷ ಕಾದು ಆಮೇಲೆ ತೆಗೆಯತಕ್ಕದ್ದು. ತಡವಾಗಿ ಹೊತ್ತಿಕೊಳ್ಳುವ ತೋಟೆಗಳುಂಟು. ಸದ್ದು ಮೆತ್ತಗೆ ಬಂದರೆ ಇನ್ನೂ ಹೆಚ್ಚು ಎಚ್ಚರಿಕೆ ಬೇಕು: ಒತ್ತುಬಿಲ್ಲೆಯು ನಳಿಗೆಯಲ್ಲಿಯೇ ಉಳಿದಿರಬಹುದು. ಕೋವಿಯನ್ನು ಬರಿದುಮಾಡಿ, ನಳಿಗೆಯಲ್ಲಿ ಬೆಳಕು ಕಂಡ ಮೇಲೆಯೇ ಎರಡನೆಯ ಈಡನ್ನು ತುಂಬತಕ್ಕದ್ದು.

ಪಿಸ್ತೂಲು, ರಿವಾಲ್ವರುಗಳ ವಿಚಾರ

ಆತ್ಮರಕ್ಷಣೆಗೆಂದು ಪಿಸ್ತೂಲು ಅಥವಾ ರಿವಾಲ್ವರನ್ನು ಇಟ್ಟುಕೊಂಡಿರುವ ಹಿಡುವಳಿದಾರರೂ ಇದ್ದಾರೆ. ಕೋವಿಯ ತೋಟೆ ಮುಗಿದಾಗ ಅದನ್ನು ಗದ್ದೆಗೆ ಕೊಂಡೊಯ್ಯುವುದು ವಿವೇಕವಲ್ಲ. ರಾತ್ರಿಯ ಹೊತ್ತು ಅದರಿಂದ ಗುರಿ ಹಿಡಿಯುವುದು ಬಲು ಕಷ್ಟ. ತಪ್ಪಿದ ಗುಂಡು ಅರ್ಧ ಮೈಲಿಗೂ ಮಿಕ್ಕಿ ಹಾರಿ ಪಕ್ಕದ ಹಳ್ಳಿಯ ಕಾವಲುಗಾರನಿಗೆ ತಗುಲಬಹುದು. ಆಕಾಶಕ್ಕೆ ಹಾರಿಸಿದ ಗುಂಡೂ ಭೂಮಿಗೇ ಮರಳಿ ಬೀಳುವುದು. ಅದರ ಗುಂಡುಗಳು ಕೋವಿಯ ತೋಟೆಗಿಂತಲೂ ದುರ್ಲಭವಾದುದರಿಂದ, ಯಾವ ಉದ್ದೇಶಕ್ಕೆ ಪರವಾನಗಿ ದೊರೆತಿದೆಯೋ ಅದಕ್ಕೇ ಅವುಗಳನ್ನು ಉಳಿಸತಕ್ಕದ್ದು.

ಗುಂಡಿಲ್ಲದೆ ಅಭ್ಯಾಸ

ತೋಟೆಗಳು ಕಡಮೆಯಾದಾಗ ಅಭ್ಯಾಸವೂ ನಿಲ್ಲುವುದು. ಅಭ್ಯಾಸ ನಿಂತವನು ಇರುವ ತೋಟೆಯನ್ನೂ ವ್ಯರ್ಥಮಾಡುವನು. ಇದಕ್ಕೆ ಖರ್ಚಿಲ್ಲದ ಉಪಾಯವುಂಟು. ತೋಟೆಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು, ಕೋವಿಯು ಬರಿದಾಗಿರುವುದನ್ನು ಎರಡು ಬಾರಿ ನೋಡಿ, ಮಣ್ಣಿನ ದಿಬ್ಬವೊಂದಕ್ಕೆ ಗುರಿಯಿಟ್ಟು ಹೆಗಲಿಗೆ ಏರಿಸುವುದನ್ನೂ ಕುದುರೆ ಎಳೆಯುವುದನ್ನೂ ದಿನಕ್ಕೆ ಹತ್ತು ನಿಮಿಷ ಅಭ್ಯಾಸಮಾಡಬಹುದು. ಸೂಜಿಯು ಸವೆಯದಂತೆ ಮದ್ದಿಲ್ಲದ ಹುಸಿ ತೋಟೆಯನ್ನು ಹಾಕುವುದು ಒಳ್ಳೆಯದು. ಗುಂಡು ಸಿಕ್ಕದ ಕಾಲದಲ್ಲಿ ಅಮೆರಿಕದ ಗುರಿಕಾರರಲ್ಲಿ ಅನೇಕರು ಈ ಕ್ರಮವನ್ನೇ ಅನುಸರಿಸಿದರು.

ದೂರವನ್ನು ಅಂದಾಜುಮಾಡುವ ಅಭ್ಯಾಸವು ಇದಕ್ಕಿಂತಲೂ ಉಪಯುಕ್ತ. ಮಾಳದಿಂದ 30 ಗಜ ಅಳೆದು ಗದ್ದೆಯ ಬದುವಿನಲ್ಲಿ ಸುಣ್ಣ ಹಚ್ಚಿದ ಗೂಟಗಳನ್ನು ನೆಡತಕ್ಕದ್ದು. ಗೂಟದಿಂದ ಆಚೆಗಿರುವ ಪ್ರಾಣಿಯನ್ನು ಬೆದರಿಸಿ ಓಡಿಸಬೇಕೇ ಹೊರತು ಹೊಡೆಯಕೂಡದು. ದೂರದಿಂದ ತಗುಲಿದ ಚರೆಯು ಹಂದಿಯನ್ನು ಕೊಲ್ಲುವುದಿಲ್ಲ, ಗಾಯಪಡಿಸುವುದು. ಗಾಯಗೊಂಡ ಹಂದಿಯು ಮಾರನೆಯ ಬೆಳಿಗ್ಗೆ ಹುಲ್ಲು ಕೊಯ್ಯಲು ಬಂದ ಹೆಂಗಸಿನ ಮೇಲೆ ಬೀಳುವುದು.

ತೋಟೆಯಿಲ್ಲದ ಕಾವಲು

ಶತ್ರುವಿನ ಸ್ವಭಾವವನ್ನು ಅರಿತರೆ ಅರ್ಧ ಕಾವಲು ಆದಂತೆ. ಹಂದಿಗೆ ದೃಷ್ಟಿ ಮಂದ. ಮೂಗೂ ಕಿವಿಯೂ ಬಹು ಚುರುಕು. ಹೊತ್ತು ಮುಳುಗಿದ ಮೇಲೆ ಸಾಮಾನ್ಯವಾಗಿ ಒಂದೇ ಜಾಡಿನಲ್ಲಿ ಬರುವುದು. ಹಗಲಿನಲ್ಲಿ ಲಂಟಾನದ ಪೊದೆಗಳಲ್ಲಿಯೂ ಹಳ್ಳದ ಬದಿಯ ಜೊಂಡಿನಲ್ಲಿಯೂ ಅಡಗಿರುವುದು. ಇದರಿಂದ ಮುಂದೆ ಹೇಳುವ ಕ್ರಮಗಳು ಹೊರಡುತ್ತವೆ.

(1) ಗದ್ದೆಯ ಅಂಚಿನ ಪೊದೆಗಳನ್ನು ಬಿತ್ತನೆಗೆ ಮುಂಚೆಯೇ ಸವರಿ ಬಯಲುಮಾಡತಕ್ಕದ್ದು. ಮರದಡಿ ಕೊಳೆಯುವ ಹಲಸಿನ ಹಣ್ಣುಗಳನ್ನು ಹೆಕ್ಕಿ ತೆಗೆಯತಕ್ಕದ್ದು. ಅವುಗಳ ವಾಸನೆಯೇ ಹಂದಿಗೆ ಕರೆಯೋಲೆ.

(2) ಗ್ರಾಮದವರೆಲ್ಲರೂ ಒಂದೇ ವಾರದಲ್ಲಿ ಬಿತ್ತನೆ, ನಾಟಿಗಳನ್ನು ಮುಗಿಸತಕ್ಕದ್ದು. ಎಲ್ಲರಿಗಿಂತ ಮೊದಲು ಮಾಗಿದ ಗದ್ದೆಗೂ, ಎಲ್ಲರಿಗಿಂತ ಕೊನೆಯಲ್ಲಿ ಉಳಿದ ಗದ್ದೆಗೂ ಹಿಂಡೆಲ್ಲವೂ ಮುತ್ತುವುದು. ಒಟ್ಟಿಗೆ ಮಾಗಿದರೆ ಕಾವಲಿನ ರಾತ್ರಿಗಳೂ ಕಡಮೆ.

(3) ಜೋಳದ ಹೊಲದ ಸುತ್ತ ಹರಳಿನ ಸಾಲುಗಳನ್ನೂ, ಕಡಲೆಕಾಯಿಯ ಸುತ್ತ ಮುಳ್ಳುಳ್ಳ ಕುಸುಬೆಯ ಸಾಲುಗಳನ್ನೂ ಒತ್ತಾಗಿ ಬೆಳೆಯುವುದು ಹಿತಕರ. ಹಂದಿಯು ಹರಳನ್ನು ಮುಟ್ಟದು, ಕುಸುಬೆಯ ಮುಳ್ಳಿಗೆ ಹೆದರುವುದು; ರೈತನಿಗೆ ಎಣ್ಣೆಯ ಬೀಜವೂ ದಕ್ಕುವುದು.

(4) ಸೌರಶಕ್ತಿಯ ಬೇಲಿಯಲ್ಲಿ ವಿದ್ಯುತ್ತು ಕ್ಷಣಮಾತ್ರ ಬಡಿದು ಬಿಡುವುದರಿಂದ ಪ್ರಾಣಿಯು ಬೆದರುವುದೇ ಹೊರತು ಸಾಯುವುದಿಲ್ಲ. ಹಂದಿಗಾಗಿ ಕೆಳಗಿನ ತಂತಿಯು ನೆಲದಿಂದ ಒಂದು ಗೇಣಿನ ಎತ್ತರದಲ್ಲಿರಬೇಕು. ಹುಲ್ಲು ಬೆಳೆದು ತಂತಿಗೆ ತಾಗಿದರೆ ಶಕ್ತಿಯೆಲ್ಲ ನೆಲಕ್ಕೆ ಹರಿದುಹೋಗುವುದರಿಂದ ವಾರಕ್ಕೊಮ್ಮೆ ಕೆಳಗಿನ ಹುಲ್ಲನ್ನು ಸವರತಕ್ಕದ್ದು. ಸಹಾಯಧನದ ವಿಚಾರವನ್ನು ಆಯಾ ವರ್ಷ ಇಲಾಖೆಯ ಕಚೇರಿಯಲ್ಲಿ ತಿಳಿಯಬಹುದು.

(5) ತಮಟೆ, ತಗಡಿನ ಡಬ್ಬ, ಕವಣೆಯ ಕಲ್ಲು, ಪಂಜು ಇವು ಹಳೆಯ ಸಾಧನಗಳಾದರೂ ವ್ಯರ್ಥವಾದುವಲ್ಲ. ಹರಿಯುವ ನೀರಿದ್ದಲ್ಲಿ ಬಿದಿರಿನ ಗಳುವೊಂದನ್ನು ನಡುವೆ ಕೀಲಿಟ್ಟು ನಿಲ್ಲಿಸಿದರೆ, ನೀರು ತುಂಬಿದಾಗ ಬಾಗಿ ಚೆಲ್ಲಿ, ಹಿಂದಕ್ಕೆ ಬಂದು ಕಲ್ಲಿಗೆ ಬಡಿದು, ರಾತ್ರಿಯೆಲ್ಲ ತಾನಾಗಿ ಸದ್ದುಮಾಡುವುದು. ಆದರೆ ಒಂದೇ ಸದ್ದು ಒಂದೇ ಸ್ಥಳದಿಂದ ಬರುತ್ತಿದ್ದರೆ ಪ್ರಾಣಿಯು ಕೆಲವೇ ದಿನಗಳಲ್ಲಿ ಅದನ್ನು ಅರಿತುಕೊಳ್ಳುವುದು. ಆದಕಾರಣ ಮೂರು ನಾಲ್ಕು ದಿನಗಳಿಗೊಮ್ಮೆ ಸ್ಥಳವನ್ನೂ ಸದ್ದಿನ ಬಗೆಯನ್ನೂ ಬದಲಾಯಿಸತಕ್ಕದ್ದು. ಬರಿಯ ಬೆದರುಬೊಂಬೆಯನ್ನು ನಂಬಿ ಮಲಗಿದವನ ಗದ್ದೆಯಲ್ಲಿ ಬೊಂಬೆಯ ಬುಡವನ್ನೇ ಹಂದಿ ಅಗೆದಿರುವುದುಂಟು.

(6) ಮಾಳದ ಕಾವಲು ಸರದಿಯಿಂದ ನಡೆಯತಕ್ಕದ್ದು. ಒಬ್ಬನೇ ಇಡೀ ರಾತ್ರಿ ಕಾದರೆ ಮೂರನೆಯ ಜಾವದಲ್ಲಿ ನಿದ್ದೆ ಬರುವುದು. ಇಬ್ಬರಿಬ್ಬರು ಅರ್ಧ ರಾತ್ರಿಯಂತೆ ಕಾದರೆ ಕಾವಲು ಕೆಡದು.

ಮಾಡಲೇಕೂಡದವುಗಳು

ತೋಟೆ ಸಿಕ್ಕದೆಂಬ ಹತಾಶೆಯಿಂದ ಕೆಲವರು ಕಂಬದ ವಿದ್ಯುತ್ತನ್ನು ನೇರವಾಗಿ ಬೇಲಿಯ ತಂತಿಗೆ ಹರಿಸುತ್ತಾರೆ. ಆ ತಂತಿಗೆ ಹಂದಿ ಯಾವುದು, ಆನೆ ಯಾವುದು, ಮುಂಜಾನೆ ನೀರು ತಿರುಗಿಸಲು ಬಂದ ಸ್ವಂತ ಮಗ ಯಾವನು ಎಂಬುದು ತಿಳಿಯದು. ಉರುಲು ಕಟ್ಟಿದರೆ ಚಿರತೆ ಸಿಕ್ಕಿಬಿದ್ದು ಊರಿಗೇ ಕಂಟಕವಾಗುವುದು. ಹಣ್ಣಿನಲ್ಲಿ ಸಿಡಿಮದ್ದನ್ನು ಅಡಗಿಸಿಡುವುದು ಎಲ್ಲಕ್ಕಿಂತಲೂ ಕ್ರೂರ. 2020ನೆಯ ಇಸವಿ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಗರ್ಭಿಣಿಯಾದ ಕಾಡಾನೆಯೊಂದು ಇಂತಹ ಸಿಡಿಮದ್ದಿನಿಂದ ಬಾಯಿ ಒಡೆದು, ಹೊಳೆಯಲ್ಲಿ ನಿಂತು ಪ್ರಾಣಬಿಟ್ಟಿತು. ದನ ಮೇಯಿಸುವ ಹುಡುಗನೂ ಅಂತಹ ಹಣ್ಣನ್ನು ಎತ್ತಿಕೊಳ್ಳಬಹುದೆಂಬುದನ್ನು ಇಡುವವನು ನೆನೆಯಬೇಕು.

ಕಾನೂನಿನ ವಿಚಾರ

ಕೋವಿಯ ಪರವಾನಗಿಯು 1959ನೆಯ ಇಸವಿಯ ಶಸ್ತ್ರಾಸ್ತ್ರ ಕಾನೂನಿಗೂ, ಪ್ರಾಣಿಯ ವಿಚಾರವು 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾನೂನಿಗೂ ಸೇರಿದುದು. ಒಂದರ ಅಪ್ಪಣೆಯು ಇನ್ನೊಂದರ ಅಪ್ಪಣೆಯಲ್ಲ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಬಹುಕಾಲದಿಂದ ವಿನಾಯಿತಿಯಿದೆ; ಆ ವಿನಾಯಿತಿಯೂ ಕೋವಿಗೆ ಮಾತ್ರವೇ ಹೊರತು ಬೇಟೆಗಲ್ಲ. ಬೆಳೆಗೆ ಕೇಡು ಮಾಡುವ ಹಂದಿಯನ್ನು ಹೊಡೆಯಬೇಕಾದರೆ ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಅಪ್ಪಣೆಯು ಮೊದಲು ಕೈಸೇರಬೇಕು. ಹೊಡೆದ ಪ್ರಾಣಿಯು ಸರ್ಕಾರದ ಸ್ವತ್ತು, ಅದನ್ನು ಹಂಚಿಕೊಳ್ಳಕೂಡದು. ಆನೆ, ಕಾಟಿ, ನವಿಲುಗಳು ಮೊದಲನೆಯ ಅನುಸೂಚಿಗೆ ಸೇರಿದುದರಿಂದ ಬೆಳೆಯ ಕಾವಲಿಗೆ ಹೋದವನು ಅವುಗಳ ಮೇಲೆ ಕೋವಿ ಎತ್ತಲೇಕೂಡದು.

ಊರಿನ ಯಜಮಾನರ ಕರ್ತವ್ಯ

ಒಬ್ಬೊಬ್ಬನು ಒಂದೊಂದು ಗದ್ದೆಯನ್ನು ಕಾದರೆ ಹಂದಿಯು ಇವನ ಗದ್ದೆಯಿಂದ ಅವನ ಗದ್ದೆಗೆ ಹೋಗುವುದಷ್ಟೇ. ಕಾವಲು ಊರಿನ ಕೆಲಸವಾಗಬೇಕು. ತೆನೆ ಹೊರಡುವುದಕ್ಕೆ ಹದಿನೈದು ದಿನ ಮುಂಚೆ ಯಜಮಾನರು ಸಭೆ ಸೇರಿಸಿ, ಕೋವಿ ತೋಟೆಗಳ ಎಣಿಕೆಯನ್ನೂ ಕಾವಲಿನ ಸರದಿಯನ್ನೂ ಒಂದು ಪುಸ್ತಕದಲ್ಲಿ ಬರೆಸತಕ್ಕದ್ದು. ಕೋವಿಯಿಲ್ಲದ ಬಡ ಹಿಡುವಳಿದಾರನ ಗದ್ದೆಯನ್ನೂ, ವಿಧವೆಯ ಗದ್ದೆಯನ್ನೂ ಸರದಿಯಲ್ಲಿ ಸೇರಿಸತಕ್ಕದ್ದು. ಲಿಖಿತ ಅಪ್ಪಣೆ ಬಂದಲ್ಲಿ, ಅದರಲ್ಲಿ ಹೆಸರುಳ್ಳ ನಿಧಾನಸ್ಥನೂ ಗುರಿಕಾರನೂ ಆದವನೊಬ್ಬನೇ ಹಾರಿಸತಕ್ಕದ್ದು. ಆ ರಾತ್ರಿ ಎಲ್ಲೆಲ್ಲಿ ಕಾವಲುಗಾರರು ಕುಳಿತಿರುವರೆಂಬುದು ಅವನಿಗೆ ತಿಳಿದಿರಬೇಕು. ಚುನಾವಣೆಗೆ ಕೋವಿಗಳನ್ನು ಒಪ್ಪಿಸುವಾಗ ಪ್ರತಿಯೊಂದಕ್ಕೂ ರಸೀತಿ ಪಡೆದು, ಮುಗಿದ ಕೂಡಲೇ ಹಿಂದಕ್ಕೆ ತರಿಸತಕ್ಕದ್ದು.

ಬೆಳೆ ಹಾಳಾದಲ್ಲಿ ತುಳಿದ ಗದ್ದೆಯನ್ನು ಉತ್ತು ಸರಿಮಾಡುವುದಕ್ಕೆ ಮುಂಚೆಯೇ ಚಿತ್ರ ತೆಗೆಸಿ, ಪಹಣಿಯ ನಕಲಿನೊಡನೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿಯನ್ನು ತಡಮಾಡದೆ ಕೊಡಿಸುವುದೂ ಯಜಮಾನರ ಕೆಲಸ. ಸಾಕ್ಷಿಯು ಅಳಿಸಿದ ಮೇಲೆ ಅರ್ಜಿಗೆ ಬಲವಿಲ್ಲ.

ಸಾರಾಂಶ

ಇರುವ ತೋಟೆಗಳನ್ನು ಎಣಿಸಿ, ಒಣಗಿದ ತಂಪಾದ ಸ್ಥಳದಲ್ಲಿಡಬೇಕು. ಸದ್ದಿಗಾಗಿ ತೋಟೆಯನ್ನು ಸುಡಬಾರದು. ಅಳತೆ ತಿಳಿಯದ ತೋಟೆಯನ್ನೂ ಮನೆಯ ಮದ್ದನ್ನೂ ಮುಟ್ಟಬಾರದು. ಪೊದೆ ಸವರುವುದು, ಒಟ್ಟಿಗೆ ಬಿತ್ತುವುದು, ಬೇಲಿ, ಸರದಿಯ ಕಾವಲು ಇವುಗಳನ್ನು ಮೊದಲು ನಡೆಸಬೇಕು. ಕೋವಿಯು ಕೊನೆಯದು, ಅದೂ ಅಪ್ಪಣೆಯಿಂದ. ಹೀಗೆ ನಡೆಯುವ ಗ್ರಾಮದಲ್ಲಿ ತೋಟೆಗಳ ಕೊರತೆಯಿಂದ ಆಗುವ ನಷ್ಟ ಅಲ್ಪವಾಗುವುದಲ್ಲದೆ, ಕಾವಲಿಗೆ ಹೋದವರೆಲ್ಲರೂ ಬೆಳಗಾಗುವಾಗ ಸುರಕ್ಷಿತವಾಗಿ ಮನೆಗೆ ಬರುವರು.